ಬಲಗಡೆ ಮೂರನೆಯ ಬೆಂಚು

ಹುಣಸೂರು
9 ಜುಲೈ 2023

ಅಣ್ಣನಿಗೆ,

ನಿನ್ನ ಫೋನು ಇಡೀ ಮನೆಗೆ ರೇಡಿಯೋ ಇದ್ದ ಹಾಗೆ, ಅದಕ್ಕೆ ಮಾಡಬೇಡ ಎಂದು ನೀನೇ ಹೇಳಿದ್ದೆ. ಅದಕ್ಕೇ ಈ ಕಾಗದ. ಯುಗಾದಿಗೆ ನೀನು ಬರೆದದ್ದಕ್ಕೆ ಉತ್ತರ ಹಾಕಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ.

ಚರ್ಚಿನ ಮರದ ಬೆಂಚುಗಳನ್ನೆಲ್ಲ ತೆಗೆದು ಸ್ಟೀಲ್ ಕುರ್ಚಿ ಹಾಕಿಸುತ್ತಾರಂತೆ. ಅಕ್ಟೋಬರ್ ಎಂಟರ ಭಾನುವಾರ ಸುಗ್ಗಿ ಆರಾಧನೆ, ಮಾರನೆಯ ದಿನ ಬೆಂಚುಗಳು ಹೊರಕ್ಕೆ. ಗೆದ್ದಲು ತಿಂದವು ಒಲೆಗೆ, ಗಟ್ಟಿ ಇರುವವು ಶಾಲೆಗೆ. ಬಲಗಡೆ ಮೂರನೆಯ ಬೆಂಚನ್ನು ಏನು ಮಾಡಬೇಕೆಂದು ಮಾತ್ರ ಯಾರಿಗೂ ತಿಳಿಯುತ್ತಿಲ್ಲ. ಅದಕ್ಕೆ ಇನ್ನೂ ಬಾಡಿಗೆ ಬರುತ್ತಿದೆಯಲ್ಲ.

ಹಿಂದೆ ಇಲ್ಲಿ ಒಂದೊಂದು ಬೆಂಚಿಗೆ ಒಂದೊಂದು ಮನೆಯವರು ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟಿ ಹೆಸರು ಹಾಕಿಸಿಕೊಳ್ಳುತ್ತಿದ್ದರು. ಕಟ್ಟಲಾಗದವರು ಹಿಂದೆ ಚಾಪೆಯ ಮೇಲೆ. ದೇವರ ಮುಂದೆ ಎಲ್ಲರೂ ಸಮಾನ, ಕೂರುವುದಕ್ಕೆ ಮಾತ್ರ ಅನುಮಾನ. (ಈ ಪ್ರಾಸ ನಿನ್ನ ಚಟ, ನನಗೂ ಅಂಟಿದೆ.) ಆ ಪದ್ಧತಿ ನಿಂತು ಎಷ್ಟೋ ಕಾಲವಾಯಿತು. ಒಬ್ಬರು ಮಾತ್ರ ನಿಲ್ಲಿಸಿಲ್ಲ. ಅವರು ಕ್ರೈಸ್ತರೂ ಅಲ್ಲ. ಬೆಟ್ಟದಪುರದ ನಿಂಗಯ್ಯನವರು, ವರ್ಷಕ್ಕೊಂದು ಚೀಲ ರಾಗಿ.

ಚರ್ಚ್ ಸಭೆಯ ಸೆಕ್ರೆಟರಿ ಮಹೇಶ್ ಕುಮಾರ್ ಮನೆಗೆ ಬಂದಿದ್ದರು. "ನಿಮ್ ತಂದೆಯವ್ರಿಗೆ ಎರಡ್ ಸತಿ ಹೇಳ್ ಕಳಿಸಿದ್ವಿ ಕಣಮ್ಮ, ಜವಾಬೇ ಇಲ್ಲ. ಬೆಂಚು ನಿಮ್ ತವರೋರ್ದಲ್ವಾ, ನೀವೇ ಒಂದ್ ಮಾತು ಕೇಳಿ" ಅಂದರು. ಇಪ್ಪತ್ತೆರಡು ವರ್ಷದಿಂದ ನನಗೂ ನನ್ನ ತವರಿಗೂ ಮಾತಿಲ್ಲ ಎಂಬುದು ಹುಣಸೂರಿನ ಬಸ್ ಸ್ಟ್ಯಾಂಡಿಗೂ ಗೊತ್ತು. ಅವರಿಗೆ ಗೊತ್ತಿಲ್ಲದೆ ಏನಲ್ಲ. ಆದರೂ ಕೇಳಿದರು. ಸೆಕ್ರೆಟರಿ ಆಗುವವರಿಗೆ ಸಂಕೋಚ ಇರಬಾರದು.

ಅಪ್ಪನಿಗೆ ಬೆಂಚು ಬೇಕಿದ್ದರೆ ಗಾಡಿ ಕಳಿಸಲಿ. ಬೇಡದಿದ್ದರೆ ಬೇಡ ಅನ್ನಲಿ. ನನಗೆ ಎರಡೂ ಒಂದೇ.

ನಿನ್ನ ಭಾವ ಕರುಣಾಕರ್ ಚೆನ್ನಾಗಿದ್ದಾರೆ. ಚರ್ಚಿನ ಹಾರ್ಮೋನಿಯಮ್ಮಿಗೆ ಉಸಿರು ಕಟ್ಟುತ್ತಿದೆ, ನುಡಿಸುವವರಿಗೆ ಅಲ್ಲ.

ಪುಟ್ಟಿ


ಬೆಟ್ಟದಪುರ
27 ಜುಲೈ 2023

ಪುಟ್ಟೀ,

ನಿನ್ನ ಕಾಗದ ಪೋಸ್ಟಾಫೀಸಿನಲ್ಲಿ ವಾರ ಕಾಯಿತು. ಹೊಗೆಸೊಪ್ಪು ಮುರಿಯುವುದು ಶುರುವಾಗಿದೆ. ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಒಮ್ಮೆ ಬೆಂಕಿ ಹಾಕಿದ ಮೇಲೆ ಎಲೆ ಹದಕ್ಕೆ ಬರುವತನಕ ಒಬ್ಬರು ಅಲ್ಲೇ ಇರಬೇಕು. ಆ ಒಬ್ಬರು ನಾನು. ಎಲೆ ಬೇಯುತ್ತಿದೆ, ತಲೆ ಕಾಯುತ್ತಿದೆ. ಕನ್ನಡ ಎಂ.ಎ. ಮಾಡುತ್ತೇನೆಂದು ಹೊರಟು ಬಿ.ಎ.ಗೇ ನಿಂತವನು ಕೊನೆಗೆ ಥರ್ಮಾಮೀಟರ್ ಓದುವುದಕ್ಕೆ ಆದ.

ಬೆಂಚಿನ ವಿಷಯ ಅಪ್ಪನಿಗೆ ಹೇಳಿದೆ. ನೀನು ಬರೆದೆ ಎನ್ನಲಿಲ್ಲ, ಚರ್ಚಿನವರು ಹೇಳಿ ಕಳಿಸಿದ್ದಾರೆ ಎಂದೆ. ಅಪ್ಪ ಕೇಳಿಸಿಕೊಂಡ, ಎದ್ದ, ಎಮ್ಮೆಗೆ ನೀರು ತೋರಿಸಲು ಹೋದ. ಎಮ್ಮೆ ಆಗಷ್ಟೇ ಕುಡಿದಿತ್ತು.

ಅವ್ವನಿಗೆ ಇಷ್ಟು ಸಾಕಾಯಿತು, ಹಳೆಯದನ್ನೆಲ್ಲ ಹರಡಿಕೊಂಡು ಕೂತಳು. ನೀನು ಹುಟ್ಟುವಾಗ ಅಡ್ಡ ತಿರುಗಿದ್ದು, ಗಾಡಿಯಲ್ಲಿ ಮಿಷನ್ ಆಸ್ಪತ್ರೆಗೆ ಒಯ್ದದ್ದು, ಅಲ್ಲಿಯ ಡಾಕ್ಟರಮ್ಮ ಇಬ್ಬರನ್ನೂ ಉಳಿಸಿ ಏನೂ ತಗೊಳ್ಳಲಿಲ್ಲವೆಂದು ಅಪ್ಪನಿಗೆ ಸಿಟ್ಟು ಬಂದದ್ದು. "ಸುಮ್ನೆ ಇಸ್ಕಂಡ್ ಓಗಕ್ಕೆ ನಾನೇನು ಭಿಕ್ಷುಕನ?" ಅಂದನಂತೆ. ಆಯಮ್ಮ ಊರಿಗೆ ವಾಪಸ್ ಹೊರಡುವವರಿದ್ದರು. ಚರ್ಚಿನಲ್ಲಿ ನನ್ನ ಬೆಂಚು ಖಾಲಿಯಾಗುತ್ತೆ, ಅದರ ಬಾಡಿಗೆ ನೀವು ನಡೆಸಿ ಎಂದರಂತೆ. ಅಪ್ಪ ನಡೆಸಿದ. ಆಮೇಲೆ ವರ್ಷಕ್ಕೊಂದು ಸಲ, ಸುಗ್ಗಿ ಆರಾಧನೆಗೆ, ನಾವು ನಾಲ್ಕೂ ಜನ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಹೋಗಿ ಆ ಬೆಂಚಿನ ಮೇಲೆ ಕೂತು ಬರುತ್ತಿದ್ದದ್ದು ನಿನಗೂ ನೆನಪಿರಬೇಕು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ನೀನು ತೊಡೆ ಚಿವುಟಿ ಹೇಳುತ್ತಿದ್ದೆ.

ಆ ಬೆಂಚಿನಿಂದ ಹಾರ್ಮೋನಿಯಂ ತುಂಬ ಚೆನ್ನಾಗಿ ಕಾಣುತ್ತಿತ್ತು, ನುಡಿಸುವವನೂ ಕಾಣುತ್ತಿದ್ದ. ಅದೇ ಎಡವಟ್ಟಾಯಿತು.

ನಿಜ ಹೇಳು, ನಿನಗೆ ಆ ಮರ ಬೇಕೆ? ಒಳ್ಳೆ ತೇಗ. ಬಾಯಿಬಿಟ್ಟು ಕೇಳಲು ನಿನಗೆ ಬಿಗುಮಾನ, ಅದು ನಿನಗೂ ಅಪ್ಪನಿಗೂ ಸಮಾನ. ಬೇಕಿದ್ದರೆ ಸುಮ್ಮನೆ ತೆಗೆದುಕೊಂಡು ಬಿಡು, ನಾನು ಗಾಡಿ ಸಿಗಲಿಲ್ಲ ಎಂದು ಹೇಳುತ್ತೇನೆ. ಬೆಂಚಿಗೆ ಪ್ರಾಸ ಸಂಚು.

ಅಪ್ಪ ಚೆನ್ನಾಗಿದ್ದಾನೆ.

ಶಿವಶಂಕರ


ಹುಣಸೂರು
6 ಆಗಸ್ಟ್ 2023

ಅಣ್ಣ,

ನನಗೆ ಮರ ಬೇಕು ಅಂತ ನಿನಗೆ ಯಾರು ಹೇಳಿದರು? ನಿನ್ನ ಕಾಗದ ಓದಿ ಒಂದು ವಾರ ಸುಮ್ಮನಿದ್ದೆ. ಅವತ್ತೇ ಬರೆದಿದ್ದರೆ ಇದರಲ್ಲಿ ಬೈಗುಳ ಬಿಟ್ಟು ಬೇರೆ ಇರುತ್ತಿರಲಿಲ್ಲ.

ಮದುವೆಯಾದಾಗಿನಿಂದ ನಾನು ಕೂರುವುದು ಎಲ್ಲಿ ಅಂತ ನೀನು ಕೇಳಿಲ್ಲ. ಹಿಂದೆ, ಚಾಪೆಯ ಮೇಲೆ, ಬಾಗಿಲ ಹತ್ತಿರ. ಕರುಣಾಕರ್ ಮನೆಯವರು ಯಾವ ಕಾಲಕ್ಕೂ ಬೆಂಚು ಹಿಡಿದವರಲ್ಲ. ಈಗ ಯಾರು ಎಲ್ಲಿ ಬೇಕಾದರೂ ಕೂರಬಹುದು, ಆದರೆ ಜನ ರೂಢಿ ಬಿಡಲ್ಲ. ನಮ್ಮತ್ತೆ ಕೂರುತ್ತಿದ್ದ ಜಾಗದಲ್ಲೇ ನಾನೂ ಕೂತೆ. ಅಲ್ಲಿಂದ ನೇರ ಕಣ್ಣಿಗೆ ಬೀಳುವುದು ಆ ಬೆಂಚು. ಕ್ರಿಸ್‌ಮಸ್ಸಿಗೆ ಜನ ಗೋಡೆಗೆ ಒರಗಿ ನಿಂತಿರುತ್ತಾರೆ, ಅದು ಮಾತ್ರ ಖಾಲಿ. ಯಾರಾದರೂ ಹೊಸಬರು ತಿಳಿಯದೆ ಕೂತರೆ ಯಾರೋ ಒಬ್ಬರು ಬಗ್ಗಿ ಮೆಲ್ಲಗೆ ಹೇಳುತ್ತಾರೆ, "ಇದು ನಿಂಗಯ್ಯನವರ್ದು, ಬಾಡಿಗೆ ಅದೆ." ಅವರು ಏಳುತ್ತಾರೆ. ಹೇಳಿದವರು ತಿರುಗಿ ನನ್ನ ಕಡೆ ನೋಡುತ್ತಾರೆ.

ಅಪ್ಪ ಮದುವೆಯ ದಿನದಿಂದ ಚರ್ಚಿನ ಹೊಸಲು ತುಳಿದಿಲ್ಲ. ನೀವೂ ಯಾರೂ ಬಂದಿಲ್ಲ. ಆದರೆ ಬಾಡಿಗೆ ತಪ್ಪಿಲ್ಲ. ಯಾಕೆ ಅಂತ ಮೊದಮೊದಲು ಯೋಚಿಸುತ್ತಿದ್ದೆ. ಆಮೇಲೆ ಅರ್ಥವಾಯಿತು. ಮನೆಗೆ ಬರಬೇಡ ಅಂದದ್ದು ಸಾಲಲಿಲ್ಲ, ಇಲ್ಲೂ ಕೂರಬಾರದು. ವರ್ಷಕ್ಕೊಂದು ಚೀಲ ರಾಗಿ ಕೊಟ್ಟು ದೇವರ ಮನೆಯ ಒಳಗೇ ನನಗೊಂದು ಬೇಲಿ ಹಾಕಿಸಿದ್ದಾನೆ.

ಬೆಂಚು ಹೋಗುತ್ತದೆ ಎಂದಾಗ ನನಗೆ ಸಂತೋಷವಾಗಬೇಕಿತ್ತು. ಯಾಕೋ ಆಗಲಿಲ್ಲ. ಸುಸ್ತಾಯಿತು, ಅಷ್ಟೆ. ಇಷ್ಟು ವರ್ಷ ನೋಡಿದ ಬೇಲಿಯನ್ನು ಕಿತ್ತ ಮೇಲೆ ಭಾನುವಾರ ಏನು ನೋಡಲಿ?

ಪುಟ್ಟಿ


ಬೆಟ್ಟದಪುರ
3 ಸೆಪ್ಟೆಂಬರ್ 2023

ಪುಟ್ಟೀ,

ತಡವಾಯಿತು. ನಿನ್ನ ಕಾಗದಕ್ಕೆ ಪ್ರಾಸ ಹೊಂದಿಸುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಬ್ಯಾರನ್ನಿನ ಮುಂದೆ ಕಲ್ಲಿನ ಮೇಲೆ ಕೂತು ನಿನಗೆ ಬರೆಯಲು ಹೆಣಗುತ್ತಿದ್ದೆ. ಅಪ್ಪ ಬಂದು ಎದುರಿಗೆ ಕೂತ.

"ಯಾರ್ಗಲಾ ಬರೀತಿರದು?"

"ಸೊಸೈಟಿಗೆ."

"ಸೊಸೈಟಿಗ್ ಬರೆಯೋನು ಇಂಗೆ ಪೆನ್ನು ಕಚ್ಚಲ್ಲ ಬುಡು. ಪುಟ್ಟಿಗಾ?"

ಈ ಮನೆಯಲ್ಲಿ ಆ ಹೆಸರು ಅಪ್ಪನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೆಂದರೆ, ನನಗೆ ಒಂದು ಗಳಿಗೆ ಯಾರೋ ಬೇರೆ ಪುಟ್ಟಿ ಅನಿಸಿತು. ಹೂಂ ಎಂದೆ. ಏನಂತೆ ಅಂದ. ನಿನ್ನ ಕಾಗದ ಜೇಬಿನಲ್ಲೇ ಇತ್ತು. ಆ ಬೇಲಿಯ ಸಾಲು ಓದಿಬಿಟ್ಟೆ.

ಅಪ್ಪ ಒಲೆಯ ಕಡೆಗೆ ತಿರುಗಿದ.

"ಬೇಲಿ ಅಂದ್ಲಾ?"

"ಅಂದ್ಲು."

"ಬೇಲಿ ಹಾಕದು ದನಕ್ಕೆ ಕಣ್ಲಾ." ಆಮೇಲೆ ಕೋಲಿನಿಂದ ಒಂದು ಕೊಳ್ಳಿ ಒಳಕ್ಕೆ ತಳ್ಳಿದ. "ಅವ್ಳು ಉಟ್ಟಿದ್ದಕ್ಕೆ ಇಡ್ದ ಬೆಂಚು ಅದು. ನಾನು ಮನೆಗ್ ಬರ್ಬ್ಯಾಡ ಅಂದೆ, ಅಂದಿದ್ದು ನಿಜ. ಬೆಂಚಿಗ್ ಬರ್ಬ್ಯಾಡ ಅಂದ್ನಾ? ಮನೇಲಿ ಜಾಗ ಇಲ್ಲ ಅಂದ್ಮ್ಯಾಲೆ ಮಗೀಗೆ ಎಲ್ಲಾರ ಒಂದ್ ಕಡೆ ಜಾಗ ಮಡಗ್ಬೇಕಲ್ಲ. ಮಡಗಿದ್ದೆ."

"ಅದ್ನ ಅವ್ಳಿಗ್ ಯಾರ್ ಹೇಳಿದ್ರು?"

"ಏಳದೇನು? ಅಪ್ಪನ್ ಎಸ್ರು ಹಿತ್ತಾಳೇಲಿ ಕೆತ್ತವ್ರೆ, ಓದಕ್ ಬರಲ್ವಾ? ವರ್ಸ ವರ್ಸ ಕನಕರಾಜು ರಾಗಿ ಇಳಿಸ್ ಬಂದಾಗ ಕೇಳ್ತೀನಿ, ಬೆಂಚ್ ಮ್ಯಾಲೆ ಯಾರಿದ್ರಲಾ ಅಂತ. ಯಾರೂ ಇಲ್ಲ ಕಣ್ ಬುಡು ಗೌಡ ಅಂತಾನೆ. ಓಗ್ಲಿ, ನನ್ ಜಾಗ ಬ್ಯಾಡ ಅನ್ನೋಳಿಗೆ ನಾನೇನ್ ಮಾಡ್ಲಿ ಅಂತ ಸುಮ್ಗಾದೆ."

ಕನಕರಾಜು ನಮ್ಮ ಬೀದಿಯ ಗೂಡ್ಸ್ ಆಟೋದವನು. ಅವನನ್ನೂ ಕೇಳಿದೆ. ಪ್ರತಿ ವರ್ಷವೂ ಕೇಳುತ್ತಾರೆ ಕಣಣ್ಣ, ಬೆಂಚಿನ ಬಾಡಿಗೆಗೆ ಲೆಕ್ಕ ಕೇಳ್ತಾರೆ ಅಂತ ನಾನು ಅಂದ್ಕಂಡಿದ್ದೆ ಅಂದ.

ಅಂದರೆ ಪುಟ್ಟಿ, ಇಷ್ಟು ವರ್ಷ ಅಪ್ಪ ನೀನು ಕೂರಲಿ ಎಂದು ಬೆಂಚು ಖಾಲಿ ಇಡಿಸಿದ. ಕೂರಬಾರದೆಂದು ಖಾಲಿ ಇಡಿಸಿದ್ದಾನೆ ಎಂದುಕೊಂಡು ನೀನು ಚಾಪೆಯ ಮೇಲೆ ಕೂತೆ. ನಾನು ಬಿ.ಎ. ಪಾಸಾದವನು, ಎರಡೂ ಕಡೆಯ ಮಾತು ಕೇಳುವವನು, ಬೆಂಚಿಗೆ ಪ್ರಾಸ ಹುಡುಕುತ್ತಿದ್ದೆ.

ಎಂಟನೇ ತಾರೀಖು ಹೋಗಿ ಕೂತುಬಿಡು. ಅಷ್ಟೇ ಬೇಕಾಗಿರುವುದು.

ಶಿವಶಂಕರ


ಹುಣಸೂರು
14 ಸೆಪ್ಟೆಂಬರ್ 2023

ಅಣ್ಣ,

ಅಷ್ಟೇ ಬೇಕಾಗಿರುವುದು ಅಂತ ನೀನು ಬರೆದೆ. ಆ ಅಷ್ಟಕ್ಕೆ ನನ್ನ ತಲೆ ಅರ್ಧ ನರೆಯಿತು.

ಆ ಬೆಂಚಿಗೆ ಒಂದು ನಿಯಮ ಇದೆ. ಬಾಡಿಗೆ ಕಟ್ಟುವವರು ಬಾಯಲ್ಲಿ ಕರೆಯದೆ ಇನ್ನೊಬ್ಬರು ಕೂರುವ ಹಾಗಿಲ್ಲ. ಮಗಳಾದರೆ ಬೇರೆ ಮಾತು. ಆದರೆ ಇವತ್ತಿನಿಂದ ನೀನು ನನ್ನ ಮಗಳಲ್ಲ ಎಂದು ಚರ್ಚಿನ ಗೇಟಿನಲ್ಲೇ ನಿಂತು ಅಂದವನು ಅಪ್ಪ. ಅದನ್ನು ಕೇಳಿಸಿಕೊಂಡವರು ಇನ್ನೂ ಇದ್ದಾರೆ, ಪ್ರತಿ ಭಾನುವಾರ ನನಗೆ ಹಾಡಿನ ಪುಸ್ತಕ ಕೊಡುವವರು ಅವರೇ. ಅವರ ಎದುರಿಗೆ ನಾನಾಗಿ ಹೋಗಿ ಕೂರಲೇ? ಅಷ್ಟು ಜನರೆದುರು ಬೇಡ ಅಂದವನು ಅಷ್ಟು ಜನರೆದುರೇ ಬಾ ಅನ್ನಲಿ. ಒಂದು ಸಲ. ಮನೆಗೆ ಅಲ್ಲ, ಬೆಂಚಿಗೆ ಸಾಕು.

ಇನ್ನೊಂದು ಮಾತು, ಇದನ್ನು ಅಪ್ಪನಿಗೆ ಹೇಳಬೇಡ. ಹೇಳಿದರೆ ಮತ್ತೆ ಕಾಗದ ಬರೆಯಲ್ಲ. ಸುಗ್ಗಿ ಆರಾಧನೆ ಮುಗಿದ ಮೇಲೆ ಕಾಣಿಕೆ ಬಂದ ಕಾಯಿ, ಕುಂಬಳ, ಕೋಳಿ ಎಲ್ಲ ಅಂಗಳದಲ್ಲಿ ಹರಾಜಾಗುತ್ತದಲ್ಲ. ನಿಮ್ಮ ಚೀಲವೂ ಆಗುತ್ತದೆ. ಅವ್ವ ಚೀಲದ ಬಾಯಿಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿರುತ್ತಾಳೆ, ದೂರದಿಂದಲೇ ಗೊತ್ತಾಗುತ್ತದೆ. ಅದನ್ನು ಪ್ರತಿ ವರ್ಷ ಕರುಣಾಕರ್ ಕೂಗಿ ಹಿಡಿಯುತ್ತಾರೆ. ಈಗೀಗ ಬೇರೆ ಯಾರೂ ಎದುರು ಕೂಗುವುದೇ ಇಲ್ಲ. ಆ ದಾರ ಬಿಚ್ಚುವವಳು ನಾನು. ಕತ್ತರಿ ಹಾಕಲ್ಲ.

ಇಷ್ಟೂ ವರ್ಷ ನಾನು ಉಂಡದ್ದು ನಮ್ಮ ಹೊಲದ ರಾಗಿಯನ್ನೇ.

ಪುಟ್ಟಿ


ಬೆಟ್ಟದಪುರ
30 ಸೆಪ್ಟೆಂಬರ್ 2023

ಪುಟ್ಟೀ,

ರಾಗಿಯ ವಿಷಯ ಹೇಳಲಿಲ್ಲ. ನನ್ನ ಹೆಂಡತಿ ಸುಧಾಗೂ ಹೇಳಲಿಲ್ಲ, ಇದು ನನ್ನ ಜೀವನದ ದಾಖಲೆ.

ಕರೆಯುವ ವಿಷಯ ಹೇಳಿದೆ. ಅಪ್ಪನಿಗೆ ಅದು ಅರ್ಥವೇ ಆಗಲಿಲ್ಲ. "ಕರ್ಯಕ್ಕೆ ಅವ್ಳೇನ್ ನೆಂಟ್ಳಾ? ನೆಂಟ್ರನ್ನ ಕರೀತಾರೆ. ಮನೆ ಮಗೀನ ಯಾರ್ಲಾ ಕರೀತಾರೆ? ಕರುದ್ರೆ ಅವ್ಳು ಒರಗ್ನೋಳು ಅಂತ ನಾನೇ ಒಪ್ಕಂಡಂಗಲ್ವಾ?" ನಾನು ಆ ಕಡೆಯಿಂದ ಈ ಕಡೆಯಿಂದ ಎಷ್ಟೋ ಹೇಳಿದೆ. ಕರೆದರೇ ಮಗಳು ಎಂದು ನೀನು, ಕರೆದರೆ ನೆಂಟಳು ಎಂದು ಅವನು. ನಡುವೆ ನಿಂತು ನನಗೆ ಸಾಕಾಗಿದೆ. ನಿಮ್ಮಿಬ್ಬರನ್ನೂ ಒಂದೇ ಅಚ್ಚಿನಲ್ಲಿ ಹಾಕಿದ ದೇವರು ನನ್ನನ್ನು ಉಳಿದ ಮಣ್ಣಿನಲ್ಲಿ ಮಾಡಿರಬೇಕು.

ಈಗ ನಾನೂ ಒಂದು ಹೇಳುತ್ತೇನೆ. ಯುಗಾದಿಗೂ ಆಮೇಲೂ ಅಪ್ಪ ಚೆನ್ನಾಗಿದ್ದಾನೆ ಎಂದೇ ಬರೆದೆ. ಶಿವರಾತ್ರಿ ಆದ ಮೇಲೆ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಎಡಗಾಲು ಎಳೆಯುತ್ತದೆ, ಎಡಗೈಯಲ್ಲಿ ಚೊಂಬು ನಿಲ್ಲಲ್ಲ. ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದ. ಕಾಯಿಲೆ ಬಿದ್ದ ಮೇಲೆ ಬಂದಳು ಅನ್ನಿಸಿಕೊಳ್ಳಬಾರದಂತೆ, ನೀನು.

ಎಂಟನೇ ತಾರೀಖು ಅವನು ಬರಲ್ಲ ಪುಟ್ಟಿ. ಪಿತೃಪಕ್ಷ ಬೇರೆ ಶುರುವಾಯಿತು, ಪಕ್ಷ ಮುಗಿಯುವತನಕ ಎಲ್ಲಿಗೂ ಹೊರಡಬೇಡ ಎಂದು ಅವ್ವ ಅಡ್ಡ ಮಲಗಿದ್ದಾಳೆ. ನಾನೂ ಬರಲಾಗಲ್ಲ, ಈ ಸಲದ ಕೊನೆಯ ಬ್ಯಾರನ್ ಅವತ್ತೇ ಬೆಂಕಿಯಲ್ಲಿರುತ್ತದೆ. ಚೀಲ ಕನಕರಾಜು ತರುತ್ತಾನೆ. ಬೆಂಚನ್ನು ಶಾಲೆಗೆ ಕೊಡಲು ಹೇಳಿಬಿಡು. ಮಕ್ಕಳಾದರೂ ಯಾರನ್ನೂ ಕೇಳದೆ ಕೂರುತ್ತಾರೆ.

ಶಿವಶಂಕರ


ಹುಣಸೂರು
10 ಅಕ್ಟೋಬರ್ 2023

ಅಣ್ಣ,

ಅಪ್ಪ ಬರುವುದು ನಿನಗೂ ಗೊತ್ತಿರಲಿಲ್ಲವಂತೆ. ಕನಕರಾಜು ಹೇಳಿದ. ಚೀಲ ಏರಿಸಿ ಆಟೋ ಸ್ಟಾರ್ಟ್ ಮಾಡಿದಾಗ ಅಪ್ಪ ಹಿಂದಿನಿಂದ ಬಂದು ಹತ್ತಿ ಚೀಲದ ಮೇಲೆ ಕೂತನಂತೆ. ಅವ್ವ ಪಕ್ಷ, ಪಕ್ಷ ಎಂದು ಬೀದಿವರೆಗೂ ಬಂದಳಂತೆ. "ಸತ್ತೋರ್ಗೆ ಎಡೆ ಇಕ್ಕೋ ಕಾಲ್ದಲ್ಲಿ ಬದ್ಕಿರೋಳ್ನ ನೋಡ್ಕಂಡ್ ಬಂದ್ರೆ ಯಾವ್ ಪಿತೃ ಏನಂತಾನೆ, ನಡಿಯಲಾ" ಅಂದನಂತೆ.

ನಾನು ನನ್ನ ಚಾಪೆಯಲ್ಲಿದ್ದೆ. ಆರಾಧನೆ ಅರ್ಧ ಆಗಿತ್ತು. ಕಾಲು ಎಳೆಯುವ ಸದ್ದು ಕೇಳಿ ತಿರುಗಿದೆ. ನೀನು ಬರೆದಿದ್ದರಿಂದ ಗುರುತಾಯಿತು, ಇಲ್ಲದಿದ್ದರೆ ಯಾರೋ ಮುದುಕ ಅಂದುಕೊಳ್ಳುತ್ತಿದ್ದೆ. ಪೇಟ ತೆಗೆದು ಕೈಯಲ್ಲಿ ಹಿಡಿದಿದ್ದ. ನನ್ನನ್ನು ದಾಟಿಕೊಂಡೇ ಹೋದ, ನೋಡಲಿಲ್ಲ. ಮೂರನೆಯ ಬೆಂಚಿಗೆ ಹೋಗಿ ಕಿಟಕಿಯ ಕಡೆಗೆ ಸರಿದು ಕೂತ, ಹಿಂದೆ ನಮ್ಮನ್ನು ಕೂರಿಸುವಾಗ ಸರಿಯುತ್ತಿದ್ದನಲ್ಲ, ಹಾಗೇ. ಪಕ್ಕದಲ್ಲಿ ಮೂವರ ಜಾಗ.

ಕರುಣಾಕರ್ ಒಂದು ಸ್ವರ ತಪ್ಪು ನುಡಿಸಿದರು. ಹಾಡು ಮುಗಿಯಿತು. ಪಾದ್ರಿ ಅಯ್ಯನವರು ಮೌನವಾಗಿ ಪ್ರಾರ್ಥಿಸೋಣ ಅಂದರು. ಎಲ್ಲರೂ ತಲೆ ಬಗ್ಗಿಸಿದರು. ಆ ಸದ್ದಿಲ್ಲದ ಹೊತ್ತಿನಲ್ಲಿ ಅಪ್ಪ ತಿರುಗಿ, ಹೊಲದ ಆಚೆ ಬದುವಿನಿಂದ ಕೂಗುವ ಹಾಗೆ ಅಂದ:

"ಏ ಪುಟ್ಟಿ. ಇಲ್ಲಿ ಇಷ್ಟ್ ಜಾಗ ಅದೆ. ಅಲ್ಯಾಕವ್ವ ನೆಲ್ದಲ್ ಕೂತಿದೀಯ?"

ಕರೆದದ್ದೋ ಬೈದದ್ದೋ ನನಗೆ ಈಗಲೂ ಗೊತ್ತಿಲ್ಲ. ಎದ್ದು ಹೋದೆ. ಅಷ್ಟು ದೂರ ಯಾರೂ ತಲೆ ಎತ್ತಲಿಲ್ಲ. ಅಯ್ಯನವರು ನಾನು ಕೂತ ಮೇಲೆಯೇ ಆಮೆನ್ ಅಂದರು. ಬೆಂಚು ಗಟ್ಟಿ ಅಣ್ಣ, ಬೆನ್ನಿಗೆ ಒತ್ತುತ್ತದೆ. ಚಾಪೆಯೇ ವಾಸಿ.

ಮತ್ತೆ ಎಲ್ಲರೂ ಹಾಡಿಗೆ ಎದ್ದರು. ಅಪ್ಪ ನನ್ನ ಮುಖ ನೋಡಿದ. "ಏಳ್ಬೇಕಾ?" ಬೇಡ, ಕೂತ್ಕೊ ಅಂದೆ. ನಾನೂ ಏಳಲಿಲ್ಲ. ಒಳಗೆ ಆಡಿದ್ದು ಅಷ್ಟೇ.

ಅಂಗಳದಲ್ಲಿ ಹರಾಜು. ಅಪ್ಪನಿಗೆ ಒಂದು ಸ್ಟೂಲು ಹಾಕಿದರು. ಕುಂಬಳಕಾಯಿ ಆಯಿತು, ಕೋಳಿ ಆಯಿತು, ಚೀಲ ಬಂತು. ಕರುಣಾಕರ್ ರೂಢಿಯಂತೆ ಕೂಗಿದರು. ಬೇರೆ ಯಾರೂ ಕೂಗಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ.

"ನಮ್ ರಾಗಿಗೆ ಇವ್ನ್ಯಾಕ್ ಕೂಗ್ತಾನೆ?"

"ವರ್ಷಾ ಇವ್ರೇ ಕೂಗದು."

"ವರ್ಷಾನಾ?"

"ಹೂಂ."

ಅಪ್ಪ ಚೀಲವನ್ನು ನೋಡಿದ. ಕರುಣಾಕರ್ ಅದನ್ನು ಹೆಗಲಿಗೆ ಏರಿಸಿಕೊಳ್ಳಲು ಒದ್ದಾಡುತ್ತಿದ್ದರು. ಹಾರ್ಮೋನಿಯಂ ಹೊತ್ತ ಹೆಗಲು ಅದು, ರಾಗಿಗೆ ಒಗ್ಗಲ್ಲ. ಅಪ್ಪ ಕೇಳಿದ:

"ಓದ್ ಸತಿದು ಮುದ್ದೆ ಚೆನ್ನಾಗ್ ಬತ್ತಿತ್ತಾ? ಮಳೇಗ್ ಸಿಕ್ಕಿತ್ತು ಅದು."

"ಚೆನ್ನಾಗ್ ಬತ್ತಿತ್ತು ಕಣಪ್ಪ."

"ಸುಳ್ ಏಳ್ಬ್ಯಾಡ. ಮುಗ್ಗಲ್ ವಾಸ್ನೆ ಇತ್ತು."

"ಇತ್ತು."

ಹೊರಡುವಾಗ ಮಹೇಶ್ ಕುಮಾರ್ ಬಂದು ಬೆಂಚಿನ ಕತೆ ಏನು ಯಜಮಾನ್ರೇ ಅಂದರು. ಅಪ್ಪ ನನ್ನ ಕಡೆ ಕೋಲು ತೋರಿಸಿದ. "ಅವ್ಳ್ ಮನೆ ಜಗಲಿಗ್ ಆಕಿಸ್ಬುಡಿ. ನಾನು ಅವ್ಳ್ ಮನೆಗ್ ಬರಲ್ಲ ಅಂದಿವ್ನಿ. ನನ್ ಬೆಂಚಿಗ್ ಬರ್ಬೋದಲ್ಲ. ಬಾಡ್ಗೆ ಇನ್ಮ್ಯಾಲೆ ಅಲ್ಲಿಗೇ ಬತ್ತದೆ."

ನಿನ್ನೆ ತಂದು ಹಾಕಿ ಹೋದರು. ಜಗಲಿಗೆ ಉದ್ದವಾಯಿತು, ಬಾಗಿಲಿಗೆ ಅರ್ಧ ಅಡ್ಡ ಬರುತ್ತದೆ. ಒಳಗೆ ಹೋಗುವವರೆಲ್ಲ ಮೊಣಕಾಲು ತಾಕಿಸಿಕೊಳ್ಳುತ್ತಾರೆ. ಕೊಯ್ಸೋಣವಾ ಅಂದರು ಕರುಣಾಕರ್. ಬೇಡ ಅಂದೆ. ಎರಚಲು ಬೀಳುತ್ತದೆ, ಮೇಲೆ ನಾಲ್ಕು ಹೆಂಚು ಹಾಕಿಸಬೇಕು. ಬೆಂಚಿಗೆ ಅದೂ ಒಂದು ಪ್ರಾಸವೇ.

ಪುಟ್ಟಿ


ಬೆಟ್ಟದಪುರ
17 ಡಿಸೆಂಬರ್ 2023

ಪುಟ್ಟೀ,

ಒಕ್ಕಣೆ ಮುಗಿಯಿತು. ಹೊಸ ರಾಗಿ ಒಂದು ಚೀಲ ನಾಡಿದ್ದು ಬರುತ್ತದೆ, ಅಪ್ಪನೂ ಅದರ ಮೇಲೆ ಕೂತು ಬರುತ್ತಾನೆ. ಕಾಲು ಮೊದಲಿಗಿಂತ ಸೋತಿದೆ. ಇನ್ನು ಚೆನ್ನಾಗಿದ್ದಾನೆ ಎಂದು ಬರೆಯಲ್ಲ, ನೀನೇ ನೋಡು. ಅವ್ವನೂ ಹೊರಟಿದ್ದಾಳೆ, ನಿನಗೆ ತೋರಿಸಬೇಕೆಂದು ಈ ಸಲ ಹಸಿರು ದಾರ ಹಾಕಿದ್ದಾಳೆ. ಸೊಪ್ಪು ಪಿರಿಯಾಪಟ್ಟಣದ ಮಾರ್ಕೆಟ್ಟಿಗೆ ಹೋಗುತ್ತಿದೆ, ನಾನು ಅದರ ಹಿಂದೆ.

ಒಂದು ಮಾತು ನೆನಪಿಟ್ಟುಕೋ. ಬೆಂಚಿನಿಂದ ಎಬ್ಬಿಸಿ ಒಳಗೆ ಬಾ ಅಂತ ಅವನನ್ನು ಕರೆಯಬೇಡ. ಕರೆದರೆ ನೆಂಟನಾಗಿಬಿಡುತ್ತಾನೆ. ತಟ್ಟೆ ಅಲ್ಲಿಗೇ ತಂದುಕೊಡು. ಮುದ್ದೆ ಸಣ್ಣದಾಯಿತು ಅನ್ನುತ್ತಾನೆ, ಸಾರು ಸಪ್ಪೆ ಅನ್ನುತ್ತಾನೆ. ಎರಡನೆಯ ಮುದ್ದೆಯನ್ನು ಕೇಳದೆ ಇಕ್ಕು.

ಶಿವಶಂಕರ